ರಾಡು ಕೊನೆಗೆ ಕೊಳ್ಳಿ: ನಮ್ಮ ಕೆರೆ, ಹೊಳೆಗಳಿಗೆ ಸ್ಪಿನ್ನಿಂಗ್ ಸೆಟ್ ಆರಿಸುವ ಕ್ರಮ

ಗಾಳ ಹಾಕುವ ಹುಚ್ಚು ಹತ್ತಿದ ಮೇಲೆ ಹೆಚ್ಚಿನವರು ಮೊದಲು ಮಾಡುವ ಕೆಲಸ ಒಂದೇ. ಫೋನ್ ತೆಗೆದು ರಾಡು ಹುಡುಕುವುದು. ಉದ್ದ ಇದೆಯಾ, ಬಣ್ಣ ಚೆನ್ನಾಗಿದೆಯಾ, ಜೊತೆಗೆ ದಾರ ಸುತ್ತುವ ರೀಲು ಕೊಡ್ತಾರಾ ಅಂತ ನೋಡಿ ಆರ್ಡರ್ ಹಾಕಿಬಿಡುತ್ತಾರೆ. ಆಮೇಲೆ ಸೂಳೆಕೆರೆ ದಂಡೆಯಲ್ಲಿ ನಿಂತು ಬೀಸಿದರೆ ಹಿಟ್ಟಿನ ಉಂಡೆ ಒಂದು ಕಡೆ, ಗಾಳ ಇನ್ನೊಂದು ಕಡೆ, ದಾರ ಕಾಲ ಬುಡದಲ್ಲೇ ಗೋಜಲು. ರಾಡು ಕೆಟ್ಟದ್ದು ಅಂತೇನಿಲ್ಲ. ಆ ಕೆಲಸದ ರಾಡು ಅದಲ್ಲ, ಅಷ್ಟೇ.

ರಾಡಿನ ಹಿಡಿಯ ಮೇಲ್ಭಾಗದಲ್ಲಿ ಸಣ್ಣ ಅಕ್ಷರದಲ್ಲಿ ಎರಡು ಅಂಕಿ ಅಚ್ಚು ಹಾಕಿರುತ್ತಾರೆ. ಒಂದು, ಅದರಿಂದ ಎಷ್ಟು ಗ್ರಾಂ ಎಸೆಯಬಹುದು. ಇನ್ನೊಂದು, ಎಷ್ಟು ಬಲದ ದಾರ ಕಟ್ಟಬಹುದು. ಈ ಎರಡು ಅಂಕಿ ನಿಮಗೇ ಗೊತ್ತಿಲ್ಲದಿದ್ದರೆ ರಾಡು ಆರಿಸುವುದು ಹೇಗೆ? ಅದಕ್ಕೇ ಕ್ರಮ ತಿರುಗಿಸಿ. ಮೊದಲು ನೀರು ಮತ್ತು ಮೀನು. ಆಮೇಲೆ ಎಸೆಯುವ ತೂಕ, ದಾರ, ರೀಲು. ಎಲ್ಲ ಆದ ಮೇಲೆ ರಾಡು.

ಸ್ಪಿನ್ನಿಂಗ್ ಸೆಟ್ ಅಂದರೆ ರೀಲು ರಾಡಿನ ಕೆಳಗೆ ತೂಗುವಂಥದ್ದು. ಎಸೆಯುವಾಗ ದಾರ ಸುತ್ತಿಟ್ಟ ಸ್ಪೂಲು ತಿರುಗುವುದಿಲ್ಲ, ದಾರ ಅದರ ಅಂಚಿನಿಂದ ಸುರುಳಿಯಾಗಿ ಬಿಚ್ಚಿ ಹೋಗುತ್ತದೆ. ರಾಡಿನ ಮೇಲೆ ಕೂರುವ ಬೇಟ್‌ಕಾಸ್ಟಿಂಗ್ ರೀಲು ಬೇರೆ. ಅದರಲ್ಲಿ ಹೆಬ್ಬೆರಳಿನಿಂದ ಸ್ಪೂಲು ತಡೆಯುವುದು ಕಲಿಯಬೇಕು. ಹೊಸಬರು ಆ ಕಡೆ ಹೋಗಬೇಡಿ.

ಮೊದಲು: ಯಾವ ನೀರು, ಯಾವ ಮೀನು

ನಮ್ಮ ದಾವಣಗೆರೆ, ಚಿತ್ರದುರ್ಗ ಎರಡು ಜಿಲ್ಲೆಯಲ್ಲೇ ನೀರು ಒಂದೇ ಥರ ಇಲ್ಲ. ಚನ್ನಗಿರಿ ತಾಲ್ಲೂಕಿನ ಶಾಂತಿಸಾಗರ, ಅಂದರೆ ಸೂಳೆಕೆರೆ, ತುಂಬ ವಿಶಾಲ. ಹೂಳು ತುಂಬಿದ ಕಡೆ ದಂಡೆಯ ಹತ್ತಿರ ಆಳ ಕಡಿಮೆ. ದೊಡ್ಡ ಮೀನು ಬೇಕಾದರೆ ದೂರಕ್ಕೆ ಎಸೆಯಬೇಕು, ಅದೂ ಗಾಳಿಗೆ ಎದುರಾಗಿ. ಹರಿಹರ, ಹೊನ್ನಾಳಿ ಕಡೆ ತುಂಗಭದ್ರಾ ಹರಿಯುವ ನೀರು. ಬಂಡೆ, ಮರಳು, ಸೆಳೆತ. ಸೀಸ ಹಗುರವಾದರೆ ಗಾಳ ತೇಲಿಕೊಂಡು ದಡಕ್ಕೆ ಬಂದುಬಿಡುತ್ತದೆ.

ಹಿರಿಯೂರಿನ ವಾಣಿವಿಲಾಸ ಸಾಗರ, ನಮ್ಮ ಮಾರಿಕಣಿವೆ, ಗುಡ್ಡಗಳ ನಡುವೆ ವೇದಾವತಿಗೆ ಕಟ್ಟಿದ್ದು. ಕಲ್ಲಿನ ಇಳಿಜಾರು, ದಂಡೆಯಿಂದ ಸ್ವಲ್ಪ ಮುಂದಕ್ಕೇ ಆಳ. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಅಷ್ಟು ವರ್ಷ ಒಣಗಿದ್ದ ಅಂಚಿನಲ್ಲಿ ಬೆಳೆದ ಜಾಲಿ, ಪೊದೆ ಎಲ್ಲ ನೀರಿನಡಿ ಸೇರಿದವು. ಮೀನಿಗೆ ಒಳ್ಳೆ ಆಸರೆ, ದಾರಕ್ಕೆ ಶತ್ರು. ಇನ್ನು ಹಳ್ಳಿ ಕೆರೆಗಳು: ಜೊಂಡು, ತಾವರೆ, ಅಂತರಗಂಗೆ. ಅಲ್ಲಿ ದೂರ ಎಸೆಯುವುದಕ್ಕಿಂತ ಗಿಡದ ಸಂದಿಯಿಂದ ಮೀನು ಎಳೆದು ತರುವ ಬಲ ಮುಖ್ಯ.

ಮೀನಿಗೆ ಬಂದರೆ, ನೀರಿನಲ್ಲಿ ಅವು ಇರುವ ಎತ್ತರ ತಿಳಿದಿರಲಿ. ಕಾಟ್ಲಾದ ಬಾಯಿ ಮೇಲ್ಮುಖ. ಅದು ಮೇಲಿನ ನೀರಲ್ಲಿ ತಿನ್ನುತ್ತದೆ. ರೋಹು ನಡುವೆ. ಮೃಗಾಲ್, ಸಾಮಾನ್ಯ ಗೆಂಡೆ ತಳದಲ್ಲಿ. ಜಿಲೇಬಿ, ಅಂದರೆ ತಿಲಾಪಿಯಾ, ದಂಡೆಯ ಹತ್ತಿರವೇ ಗುಂಪಾಗಿ ಸಿಗುತ್ತದೆ. ಕೊರವ, ಮರಲು ಅಂತೆಲ್ಲ ಕರೆಯುವ ಮೀನು ಬೇಟೆಗಾರ, ಗಿಡಗಳ ಸಂದಿಯಲ್ಲಿ ಕಾದಿರುತ್ತದೆ. ಗಾಳಿ ಕುಡಿಯಲು ಆಗಾಗ ಮೇಲೆ ಬರುತ್ತದೆ, ಆಗ ಎಲ್ಲಿದೆ ಅಂತ ಗೊತ್ತಾಗಿಬಿಡುತ್ತದೆ. ಹೊಳೆಯಲ್ಲಿ ಬಾಳೆ ಮೀನೂ ಬೇಟೆಗಾರನೇ. ಅದರ ಹಲ್ಲಿಗೆ ತೆಳು ದಾರ ನಿಲ್ಲುವುದಿಲ್ಲ.

ಈ ಹಂತದಲ್ಲೇ ಇನ್ನೊಂದು ಕೆಲಸ ಮುಗಿಸಿ: ಅನುಮತಿ. ನಮ್ಮ ಕೆರೆಗಳಲ್ಲಿ ಬಹಳಷ್ಟರ ಮೀನು ಹಿಡಿಯುವ ಹಕ್ಕು ಮೀನುಗಾರರ ಸಹಕಾರ ಸಂಘಕ್ಕೋ ಗುತ್ತಿಗೆದಾರರಿಗೋ ಹೋಗಿರುತ್ತದೆ. ಮರಿ ಬಿಟ್ಟವರು ಅವರು, ದುಡ್ಡು ಹಾಕಿದವರು ಅವರು. ದಂಡೆಯಲ್ಲಿ ಬಲೆ ಒಣಗಿಸುತ್ತಿರುವವರನ್ನು "ಅಣ್ಣಾ, ಇಲ್ಲಿ ಗಾಳ ಹಾಕಬಹುದಾ? ಯಾರನ್ನ ಕೇಳಬೇಕು?" ಅಂತ ಕೇಳಿದರೆ ಸಾಕು, ದಾರಿ ಹೇಳುತ್ತಾರೆ. ಸಂಕೋಚ ಬೇಡ. ಹೊಳೆ, ಜಲಾಶಯಕ್ಕೆ ಮೀನುಗಾರಿಕೆ ಇಲಾಖೆ ಕಚೇರಿಯಲ್ಲಿ ಪರವಾನಗಿ ವಿಚಾರಿಸಿ. ಒಳನಾಡು ಮೀನುಗಾರಿಕೆಗೆ ಅಂತಲೇ 1996ರ ರಾಜ್ಯ ಕಾಯ್ದೆ ಇದೆ. ದಾವಣಗೆರೆಯ ಕುಂದುವಾಡ ಕೆರೆಯಂಥ ಕುಡಿಯುವ ನೀರಿನ ಕೆರೆಗೆ ಗಾಳ ತೆಗೆದುಕೊಂಡು ಹೋಗಲೇಬೇಡಿ.

ಎರಡನೆಯದು: ತೂಕ ನೋಡಿ

ಇಡೀ ಲೆಕ್ಕ ನಿಂತಿರುವುದು ಇಲ್ಲಿ. ಆದರೆ ತೂಕ ಹಾಕಿ ನೋಡುವವರು ಕಡಿಮೆ.

ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಿಕ್ಕರೆ ಒಳ್ಳೆಯದು, ಇಲ್ಲವೆಂದರೆ ಪರಿಚಯದ ಕಿರಾಣಿ ಅಂಗಡಿ. ನೀವು ದಾರದ ತುದಿಗೆ ಕಟ್ಟುವ ಎಲ್ಲವನ್ನೂ ಅದರ ಮೇಲಿಡಿ: ಗಾಳ, ಸೀಸ, ಬೆಂಡು, ಎರೆ. ನಮ್ಮ ಕಡೆ ಗೆಂಡೆ, ರೋಹುಗೆ ಸ್ಪ್ರಿಂಗ್ ಗಾಳ ಬಳಸುವವರು ಬಹಳ ಮಂದಿ. ಸ್ಪ್ರಿಂಗ್ ಸುತ್ತ ಹಿಟ್ಟು ಮೆತ್ತಿ, ಗಾಳಗಳನ್ನು ಅದರಲ್ಲೇ ಹುದುಗಿಸುವುದು. ಶೇಂಗಾ ಹಿಂಡಿ, ಅಕ್ಕಿ ತೌಡು, ಸ್ವಲ್ಪ ಮೈದಾ ಕಲಸಿದ ನಿಂಬೆ ಗಾತ್ರದ ಉಂಡೆ ನೋಡಲು ಚಿಕ್ಕದು. ತಕ್ಕಡಿಗೆ ಹಾಕಿ ನೋಡಿ, 40 ಗ್ರಾಂ ಆಸುಪಾಸು ತೋರಿಸುತ್ತದೆ. ಸೀಸ ಸೇರಿದರೆ 60 ದಾಟುತ್ತದೆ. ನೀರು ಜಾಸ್ತಿ ಹಾಕಿ ಕಲಸಿದ್ದರೆ ಇನ್ನೂ ಹೆಚ್ಚು. ಇದನ್ನು "10–30 ಗ್ರಾಂ" ಅಂತ ಬರೆದ ರಾಡಿಗೆ ಕಟ್ಟಿ ಜೋರಾಗಿ ಬೀಸಿದರೆ ತುದಿ ಮುರಿಯುವುದು ಸಹಜ. ಅಂಗಡಿಯವರನ್ನು ಬೈದು ಪ್ರಯೋಜನವಿಲ್ಲ.

ಉಳಿದವುಗಳ ಅಂದಾಜು ಹೀಗಿದೆ. ಜಿಲೇಬಿಗೆ ಎರೆಹುಳ, ಸಣ್ಣ ಬೆಂಡು, ಅಕ್ಕಿಕಾಳಿನಷ್ಟು ಸೀಸ: 3ರಿಂದ 6 ಗ್ರಾಂ. ತಗಡಿನ ಸ್ಪಿನ್ನರ್, ಸ್ಪೂನು: 5ರಿಂದ 15. ಕೊರವಕ್ಕೆ ಬಳಸುವ ರಬ್ಬರ್ ಕಪ್ಪೆ: 8ರಿಂದ 15. ಹೊಳೆಯ ಸೆಳೆತದಲ್ಲಿ ತಳಕ್ಕೆ ಕೂರಬೇಕಾದ ಗಾಳಕ್ಕೆ 30ರಿಂದ 60.

ಪೊಟ್ಟಣದ ಮೇಲೆ ಔನ್ಸ್‌ನಲ್ಲಿ ಬರೆದಿದ್ದರೆ ಒಂದು ಔನ್ಸ್‌ಗೆ 28 ಗ್ರಾಂ ಹಿಡಿಯಿರಿ. ಕಾಲು ಔನ್ಸ್ ಅಂದರೆ 7 ಗ್ರಾಂ.

ನಿಮ್ಮ ಅಂಕಿ ಬರೆದಿಟ್ಟುಕೊಳ್ಳಿ. ಎರಡು ಬೇರೆ ಬೇರೆ ಅಂಕಿ ಬಂದರೆ, ಒಂದು 5 ಗ್ರಾಂ ಇನ್ನೊಂದು 60, ಎರಡಕ್ಕೂ ಒಂದೇ ರಾಡು ಸಿಗುವುದಿಲ್ಲ. ವಾರಕ್ಕೊಮ್ಮೆ ನಿಜವಾಗಿ ಯಾವುದನ್ನು ಹಾಕುತ್ತೀರೋ ಅದನ್ನು ಆರಿಸಿ.

ಮೂರನೆಯದು: ದಾರ

ದಾರದ ಬಲವನ್ನು ಪೌಂಡ್‌ನಲ್ಲಿ ಬರೆಯುತ್ತಾರೆ. 10 ಪೌಂಡ್ ಅಂದರೆ ಸುಮಾರು 4.5 ಕಿಲೋ, 20 ಪೌಂಡ್ ಅಂದರೆ 9 ಕಿಲೋ. 10 ಪೌಂಡ್ ದಾರಕ್ಕೆ ಆರು ಕಿಲೋ ಕಾಟ್ಲಾ ಸಿಕ್ಕರೆ ಹರಿದೇ ಹೋಗುತ್ತದೆ ಅಂತಲ್ಲ. ನೀರಿನಲ್ಲಿ ಮೀನು ತೂಗುವುದಿಲ್ಲ, ಎಳೆಯುತ್ತದೆ. ಎಳೆತಕ್ಕೆ ಬಿಟ್ಟುಕೊಡಲು ರೀಲಿನಲ್ಲಿ ಡ್ರ್ಯಾಗ್ ಇದೆ. ಅದು ಮುಂದೆ ಬರುತ್ತದೆ.

ಆರಿಸಲು ಇರುವುದು ಎರಡು. ಒಂಟಿ ಎಳೆಯ ನೈಲಾನ್, ಇದಕ್ಕೆ ಮಾನೋ ಅನ್ನುತ್ತಾರೆ. ಇನ್ನೊಂದು ಹೆಣೆದ ದಾರ, ಬ್ರೇಡ್.

ಮಾನೋ ಅಗ್ಗ. ಎಳೆದರೆ ಹಿಗ್ಗುತ್ತದೆ, ಹಾಗಾಗಿ ಗೆಂಡೆ ತಲೆ ಕೊಡವಿದಾಗ ಅದರ ಮೆದು ಬಾಯಿಯಿಂದ ಗಾಳ ಕಿತ್ತು ಬರುವುದು ಕಡಿಮೆ. ಕಲ್ಲಿಗೆ ಉಜ್ಜಿದರೂ ಸ್ವಲ್ಪ ತಾಳುತ್ತದೆ. ಗಂಟು ಹಾಕಲು ಸುಲಭ. ಕೆಟ್ಟ ಗುಣ ಅಂದರೆ ಸ್ಪೂಲಿನ ಸುರುಳಿ ಆಕಾರ ಹಾಗೇ ಉಳಿಸಿಕೊಳ್ಳುತ್ತದೆ, ಬಿಸಿಲಿಗೆ ಸೊರಗುತ್ತದೆ. ಚಳ್ಳಕೆರೆ, ಹಿರಿಯೂರಿನ ಬೇಸಿಗೆಗೆ ಒಂದು ವರ್ಷ ಒಡ್ಡಿದ ಮಾನೋ ದಾರವನ್ನು ಬದಲಿಸಿಬಿಡಿ.

ಬ್ರೇಡ್ ಅಷ್ಟೇ ದಪ್ಪಕ್ಕೆ ಎರಡು ಪಟ್ಟಿಗೂ ಜಾಸ್ತಿ ಬಲ ಕೊಡುತ್ತದೆ. ಹಿಗ್ಗುವುದಿಲ್ಲ, ಸಣ್ಣ ಕಚ್ಚಾಟವೂ ಬೆರಳಿಗೆ ತಿಳಿಯುತ್ತದೆ, ದೂರ ಹೋಗುತ್ತದೆ. ಆದರೆ ಮಾರಿಕಣಿವೆಯಂಥ ಕಲ್ಲಿನ ಅಂಚಿಗೆ ಉಜ್ಜಿದರೆ ತಟ್ಟನೆ ಹರಿಯುತ್ತದೆ. ಅದಕ್ಕೆ ತುದಿಗೆ ಒಂದೆರಡು ಮಾರು ದಪ್ಪ ಮಾನೋ ಸೇರಿಸಿ ಕಟ್ಟಬೇಕು. ಬ್ರೇಡನ್ನು ಕೈಗೆ ಸುತ್ತಿಕೊಂಡು ಎಳೆಯಬೇಡಿ. ಗಾಳ ಎಲ್ಲೋ ಸಿಕ್ಕಿಕೊಂಡಿದೆ ಅಂತ ಎಳೆದವರ ಬೆರಳು ಸೀಳಿದ್ದಿದೆ. ಒಂದು ತುಂಡು ಕೋಲಿಗೆ ಸುತ್ತಿ ಎಳೆಯಿರಿ.

ನನ್ನ ಅಭಿಪ್ರಾಯ ಕೇಳಿದರೆ: ಹಿಟ್ಟು, ಎರೆಹುಳದವರಿಗೆ ಮಾನೋ. ಗಿಡಗಳ ನಡುವೆ ಕೊರವ ಹಿಡಿಯುವವರಿಗೆ 30–40 ಪೌಂಡ್ ಬ್ರೇಡ್, ಅಲ್ಲಿ ತೆಳು ಮಾನೋ ಕಟ್ಟಿ ಸುಮ್ನೆ ಮೀನು ಕಳೆದುಕೊಳ್ಳಬೇಡಿ. ಜಿಲೇಬಿಗೆ 6 ಪೌಂಡ್ ಸಾಕು. ಎಲ್ಲಕ್ಕೂ ಒಂದೇ ದಾರ ಬೇಕು ಅನ್ನುವವರು 12 ಪೌಂಡ್ ಮಾನೋ ತೆಗೆದುಕೊಳ್ಳಿ. ದೊಡ್ಡ ಗೆಂಡೆಗೆ ತಳದಲ್ಲಿ ಹಿಟ್ಟು ಹಾಕುವುದಾದರೆ 15ರಿಂದ 20.

ನಾಲ್ಕನೆಯದು: ರೀಲು

ದುಡ್ಡು ಹಾಕುವುದಿದ್ದರೆ ಇಲ್ಲಿ ಹಾಕಿ. ರಾಡು ಬರೀ ಕಡ್ಡಿ. ಕೆಡುವ ಭಾಗ ಇರುವುದು ರೀಲಿನಲ್ಲಿ.

ಗಾತ್ರವನ್ನು 1000, 2000, 2500, 3000, 4000, 5000 ಅಂತ ಹೇಳುತ್ತಾರೆ. ಅಂಕಿ ದೊಡ್ಡದಾದಷ್ಟು ಸ್ಪೂಲು ದೊಡ್ಡದು, ದಾರ ಜಾಸ್ತಿ, ತೂಕವೂ ಜಾಸ್ತಿ. ಕಂಪನಿಯಿಂದ ಕಂಪನಿಗೆ ಈ ಅಂಕಿ ಪೂರ್ತಿ ತಾಳೆಯಾಗುವುದಿಲ್ಲ. ಶಿಮಾನೋದ 3000, ಡೈವಾದ 3000, ಹೆಸರಿಲ್ಲದ ಕಂಪನಿಯ 3000 ಮೂರೂ ಬೇರೆ ಇರಬಹುದು. ಹೆಸರಿಲ್ಲದವು ಕೆಲವು 6000 ಅಂತ ಬರೆದು 3000ದ ಗಾತ್ರದ್ದನ್ನೇ ಮಾರುತ್ತವೆ. ನಂಬಬೇಕಾದದ್ದು ಸ್ಪೂಲಿನ ಮೇಲೆ ಬರೆದ ದಾರದ ಲೆಕ್ಕ. "0.30–150" ಅಂತಿದ್ದರೆ 0.30 ಮಿ.ಮೀ. ದಪ್ಪದ ದಾರ 150 ಮೀಟರ್ ಹಿಡಿಯುತ್ತದೆ. ನಿಮ್ಮ ದಾರ ಕನಿಷ್ಠ 120–150 ಮೀಟರ್ ಹಿಡಿದರೆ ಕೆರೆಗೆ ಸಾಕು.

ಜಿಲೇಬಿಗೆ 1000 ಅಥವಾ 2000. ಎಲ್ಲಕ್ಕೂ ಒಂದು ಅನ್ನುವವರಿಗೆ 2500 ಅಥವಾ 3000. ಕೊರವಕ್ಕೆ 3000ದಿಂದ 4000. ಹಿಟ್ಟು ದೂರ ಎಸೆಯುವವರಿಗೆ 4000–5000. ದೊಡ್ಡ ಸ್ಪೂಲಿನಲ್ಲಿ ದಪ್ಪ ದಾರದ ಸುರುಳಿ ಸಡಿಲ ಇರುತ್ತದೆ, ಬಿಚ್ಚಿ ಹೋಗಲು ಸಲೀಸು.

ಗೇರ್ ರೇಷಿಯೋ 5.2:1 ಅಂದರೆ ಹಿಡಿ ಒಂದು ಸುತ್ತು ತಿರುಗಿಸಿದರೆ ದಾರ ಸುತ್ತುವ ಭಾಗ 5.2 ಸುತ್ತು ಬರುತ್ತದೆ. 3000 ಗಾತ್ರದಲ್ಲಿ ಅದು ಸುಮಾರು 70 ಸೆಂ.ಮೀ. ದಾರ. ನಮ್ಮ ಮೀನುಗಳಿಗೆ 5ರ ಆಸುಪಾಸಿನದೇ ಒಳ್ಳೆಯದು, ಎಳೆಯುವ ಬಲ ಸಿಗುತ್ತದೆ. 6ರ ಮೇಲಿನದು ಲೂರ್, ಅಂದರೆ ಕೃತಕ ಎರೆ, ಎಸೆದು ಬೇಗ ಬೇಗ ಸುತ್ತುವವರಿಗೆ.

ಬೇರಿಂಗ್ ಲೆಕ್ಕಕ್ಕೆ ಮರುಳಾಗಬೇಡಿ. "13+1 ಬೇರಿಂಗ್" ಅಂತ ದಪ್ಪಕ್ಷರದಲ್ಲಿ ಬರೆದ ಅಗ್ಗದ ರೀಲಿಗಿಂತ ನಾಲ್ಕು ಒಳ್ಳೆ ಬೇರಿಂಗಿನ ರೀಲು ವರ್ಷಗಟ್ಟಲೆ ನಡೆಯುತ್ತದೆ.

ಅಂಗಡಿಯಲ್ಲಾಗಲಿ, ಕೊರಿಯರ್ ಬಂದ ಮೇಲಾಗಲಿ, ಕೈಯಲ್ಲಿ ಹಿಡಿದು ಇಷ್ಟು ನೋಡಿ. ಹಿಡಿಯನ್ನು ನಿಧಾನವಾಗಿ ತಿರುಗಿಸಿ. ಒಳಗೆ ಮರಳು ಸಿಕ್ಕಂತೆ ಕರಕರ ಅಂದರೆ ಬೇಡ. ಹಿಡಿಯ ತುದಿ ಹಿಡಿದು ಅಲ್ಲಾಡಿಸಿ, ತುಸು ಆಟ ಇರುತ್ತದೆ, ಲಟಲಟ ಅನ್ನಬಾರದು. ಈಗ ಹಿಂದಕ್ಕೆ ತಿರುಗಿಸಲು ನೋಡಿ. ಕೂಡಲೇ ನಿಲ್ಲಬೇಕು. ಅರ್ಧ ಸುತ್ತು ಹಿಂದೆ ಹೋಗಿ ಟಕ್ ಅಂತ ನಿಂತರೆ, ಮೀನು ಕಚ್ಚಿದಾಗ ಕೊಡುವ ಝಟಕಿ ಗಾಳದವರೆಗೆ ಮುಟ್ಟುವುದಿಲ್ಲ.

ಮುಂದೆ ದಾರ ಹಾದುಹೋಗುವ ಸಣ್ಣ ಉರುಳೆ ನೋಡಿ. ಬೇಲ್ ಅನ್ನುವ ತಂತಿಯ ಬಳೆ ಇದೆಯಲ್ಲ, ಅದರ ಬುಡದಲ್ಲಿರುತ್ತದೆ. ಬೆಂಕಿಕಡ್ಡಿಯ ಹಿಂಭಾಗದಿಂದ ತಳ್ಳಿ, ಅದು ಉರುಳಬೇಕು. ಈ ಉರುಳೆ ಸಿಕ್ಕಿಕೊಂಡ ರೀಲಿನಲ್ಲಿ ದಾರ ಉಜ್ಜಿ ಉಜ್ಜಿ ಸವೆಯುತ್ತದೆ, ತಿರುಚಿಕೊಳ್ಳುತ್ತದೆ. ಅಂಗಡಿಯಲ್ಲಿ ಇದನ್ನು ಮುಟ್ಟಿ ನೋಡುವವರೇ ಇಲ್ಲ.

ಕೊನೆಗೆ ಡ್ರ್ಯಾಗ್. ಸ್ಪೂಲಿನ ನೆತ್ತಿಯ ಮೇಲಿನ ತಿರುಪು ಅದು. ಅರ್ಧ ಬಿಗಿ ಮಾಡಿ, ಸ್ಪೂಲಿಗೆ ಕಟ್ಟಿದ ದಾರ ಹಿಡಿದು ಒಂದೇ ಸಮನೆ ಎಳೆಯಿರಿ. ನೀರು ಹರಿದ ಹಾಗೆ ಬರಬೇಕು. ಮೊದಲು ಬಿಡದೆ ಆಮೇಲೆ ಜಿಗಿದು ಜಿಗಿದು ಬಿಟ್ಟರೆ ಆ ಜಿಗಿತಕ್ಕೇ ದಾರ ಹರಿಯುತ್ತದೆ. "ಗರಿಷ್ಠ ಡ್ರ್ಯಾಗ್ 8 ಕಿಲೋ" ಅನ್ನುವ ಬರಹಕ್ಕಿಂತ ಈ ನಯ ಮುಖ್ಯ. 12 ಪೌಂಡ್ ದಾರಕ್ಕೆ ನೀವು ಎರಡು ಕಿಲೋ ಡ್ರ್ಯಾಗ್ ದಾಟುವುದೇ ಇಲ್ಲ.

ಹೆಚ್ಚಿನ ಸ್ಪಿನ್ನಿಂಗ್ ರೀಲಿನ ಹಿಡಿಯನ್ನು ಬಿಚ್ಚಿ ಎಡಕ್ಕೂ ಬಲಕ್ಕೂ ಹಾಕಬಹುದು. ಬಲಗೈಯವರು ಬಲಗೈಯಲ್ಲಿ ರಾಡು ಹಿಡಿದು ಎಡಗೈಯಲ್ಲಿ ಸುತ್ತಿದರೆ ಎಸೆದ ಮೇಲೆ ಕೈ ಬದಲಿಸುವ ರಗಳೆ ಇಲ್ಲ.

ಐದನೆಯದು: ಈಗ ರಾಡು

ನಿಮ್ಮ ಹತ್ತಿರ ತೂಕದ ಅಂಕಿ ಇದೆ, ದಾರದ ಅಂಕಿ ಇದೆ. ಎರಡೂ ರಾಡಿನ ಮೇಲೆ ಬರೆದ ಅಂಕಿಗಳ ನಡುಮಧ್ಯೆ ಬರಬೇಕು, ತುದಿಗೆ ಅಲ್ಲ. 20 ಗ್ರಾಂ ಎಸೆಯುವವರಿಗೆ 10–30ರ ರಾಡು. 60 ಗ್ರಾಂ ಹಿಟ್ಟಿನವರಿಗೆ 40–80ರದ್ದು.

ಅಕ್ಷರಗಳೂ ಇರುತ್ತವೆ. ಯುಎಲ್ ಅಂದರೆ ತೀರಾ ಹಗುರ, ಎಲ್ ಹಗುರ, ಎಂ ಮಧ್ಯಮ, ಎಂಎಚ್ ಮಧ್ಯಮಕ್ಕಿಂತ ಗಟ್ಟಿ, ಎಚ್ ಗಟ್ಟಿ. ಇದನ್ನು ಪವರ್ ಅನ್ನುತ್ತಾರೆ. ಅಕ್ಷರ ಮತ್ತು ಗ್ರಾಂ ತಾಳೆಯಾಗದಿದ್ದರೆ ಗ್ರಾಂ ನಂಬಿ.

ಪವರ್ ಬೇರೆ, ಆ್ಯಕ್ಷನ್ ಬೇರೆ. ಆ್ಯಕ್ಷನ್ ಅಂದರೆ ರಾಡು ಎಲ್ಲಿಂದ ಬಾಗುತ್ತದೆ ಅನ್ನುವುದು. ತುದಿಯ ಸ್ವಲ್ಪ ಭಾಗ ಮಾತ್ರ ಬಾಗಿದರೆ ಫಾಸ್ಟ್, ನಡುವಿನವರೆಗೆ ಬಾಗಿದರೆ ಮಾಡರೇಟ್, ಹಿಡಿಯವರೆಗೂ ಬಾಗಿದರೆ ಸ್ಲೋ. ಹಿಟ್ಟು ಹಾಕುವವರು ಇಲ್ಲಿ ಎಡವುತ್ತಾರೆ. ಫಾಸ್ಟ್ ರಾಡು ಜಾಸ್ತಿ ಬೆಲೆಯದು, ಹಾಗಾಗಿ ಒಳ್ಳೆಯದು ಅಂದುಕೊಳ್ಳುತ್ತಾರೆ. ಆದರೆ ಅದರ ತುದಿ ಚಾಟಿಯಂತೆ ಸಿಡಿಯುತ್ತದೆ, ಉಂಡೆ ಗಾಳಿಯಲ್ಲೇ ಪುಡಿಪುಡಿ. ಮಾಡರೇಟ್ ರಾಡು ನಿಧಾನವಾಗಿ ಬಾಗಿ ಉಂಡೆಯನ್ನು ತಳ್ಳಿ ಕಳಿಸುತ್ತದೆ, ಮುಟ್ಟಿದ ಜಾಗದಲ್ಲಿ ಉಂಡೆ ಇಡಿಯಾಗಿ ಬೀಳುತ್ತದೆ. ರಬ್ಬರ್ ಕಪ್ಪೆಗೆ ಮಾತ್ರ ಫಾಸ್ಟ್ ಬೇಕು. ಕೊರವದ ಬಾಯಿ ಗಟ್ಟಿ, ಗಾಳ ಚುಚ್ಚಲು ಝಟಕಿ ಬಿರುಸಾಗಿರಬೇಕು, ಆಮೇಲೆ ಅದು ಜೊಂಡಿಗೆ ನುಗ್ಗುವ ಮುಂಚೆ ತಲೆ ತಿರುಗಿಸಬೇಕು.

ಉದ್ದಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಗಿಡಮರದ ನಡುವೆ, ಚಾನಲ್ ಪಕ್ಕ, 6ರಿಂದ 6.5 ಅಡಿ. ಎಲ್ಲಕ್ಕೂ 7. ಸೂಳೆಕೆರೆಯಂಥ ಬಯಲು ದಂಡೆಗೆ ಹಿಟ್ಟು ಎಸೆಯಲು 8ರಿಂದ 10.

ವಸ್ತು ಯಾವುದು? ಫೈಬರ್‌ಗ್ಲಾಸ್ ಭಾರ, ಆದರೆ ಒರಟು ಕೈಗೂ ತಾಳುತ್ತದೆ. ಕಾರ್ಬನ್ ಹಗುರ, ಕಚ್ಚಾಟ ಚೆನ್ನಾಗಿ ತಿಳಿಯುತ್ತದೆ, ಕಲ್ಲಿಗೆ ಬಡಿದರೆ ಒಳಗೇ ಬಿರುಕು ಬಿಟ್ಟು ಇನ್ನೊಂದು ದಿನ ಮುರಿಯುತ್ತದೆ. ಎರಡೂ ಬೆರೆಸಿದ್ದೂ ಸಿಗುತ್ತದೆ. ಮೊದಲ ರಾಡಿಗೆ, ಅದರಲ್ಲೂ ಮನೆಯಲ್ಲಿ ಮಕ್ಕಳಿದ್ದರೆ, ಬೆರಕೆ ಅಥವಾ ಗ್ಲಾಸ್ ಸಾಕು.

ಎಳೆದು ಉದ್ದ ಮಾಡುವ ಟೆಲಿಸ್ಕೋಪಿಕ್ ರಾಡು ಬೈಕಿಗೆ ಅನುಕೂಲ, ನಿಜ. ಆದರೆ ಒಳಗೆ ಮರಳು ಸೇರಿದರೆ ಸಿಕ್ಕಿಕೊಳ್ಳುತ್ತದೆ, ಬಾಗುವುದೂ ಸಮನಾಗಿ ಇರುವುದಿಲ್ಲ. ಎರಡು ತುಂಡಿನ 7 ಅಡಿ ರಾಡು ಬಿಚ್ಚಿದರೆ ಮೂರೂವರೆ ಅಡಿ. ಅದನ್ನು ಪಿವಿಸಿ ಪೈಪಿಗೆ ಹಾಕಿ ಬೈಕಿಗೆ ಕಟ್ಟಿದರೆ ಚನ್ನಗಿರಿಗಾದರೂ ಹೋಗಿ, ಹಿರಿಯೂರಿಗಾದರೂ ಹೋಗಿ. ನನ್ನ ಮತ ಎರಡು ತುಂಡಿಗೆ.

ರಾಡು ಕೈಗೆ ಬಂದಾಗ ನೋಡಬೇಕಾದ್ದು: ಜೋಡಿಸಿ, ಬುಡದಿಂದ ಒಂದು ಕಣ್ಣು ಮುಚ್ಚಿ ತುದಿಯವರೆಗೆ ನೋಡಿ. ಉಂಗುರಗಳೆಲ್ಲ ಒಂದೇ ಸಾಲಿನಲ್ಲಿರಬೇಕು. ಕಿವಿಗೆ ಹಾಕುವ ಹತ್ತಿಕಡ್ಡಿ ತೆಗೆದುಕೊಂಡು ಪ್ರತಿ ಉಂಗುರದ ಒಳಗೆ ಸುತ್ತಿಸಿ. ಎಲ್ಲಾದರೂ ಹತ್ತಿಯ ಎಳೆ ಸಿಕ್ಕಿಕೊಂಡರೆ ಅಲ್ಲಿ ಬಿರುಕಿದೆ. ಕಣ್ಣಿಗೆ ಕಾಣದ ಆ ಬಿರುಕು ಹೊಸ ದಾರವನ್ನು ಒಂದೇ ದಿನಕ್ಕೆ ಚಿಂದಿ ಮಾಡುತ್ತದೆ. ಮೊದಲ ಉಂಗುರ ದೊಡ್ಡದಾಗಿರಬೇಕು, 4000 ರೀಲಿನಿಂದ ಬರುವ ಅಗಲ ಸುರುಳಿ ಸಣ್ಣ ಉಂಗುರಕ್ಕೆ ಬಡಿದರೆ ದೂರ ಹೋಗುವುದಿಲ್ಲ. ತುದಿ ಹಿಡಿದು ಕೈಯಲ್ಲಿ ಬಗ್ಗಿಸಿ ಪರೀಕ್ಷೆ ಮಾತ್ರ ಮಾಡಬೇಡಿ. ಮುರಿಯುವುದು ಹಾಗೇ.

ರೀಲು ಕೂಡಿಸಿ, ರೀಲಿನ ಕಾಲಿನ ಸ್ವಲ್ಪ ಮುಂದೆ ರಾಡಿನ ಕೆಳಗೆ ಒಂದು ಬೆರಳಿಟ್ಟು ಎತ್ತಿ. ಹೆಚ್ಚುಕಡಿಮೆ ಸಮ ನಿಂತರೆ ಸಂಜೆಯವರೆಗೆ ಮಣಿಕಟ್ಟು ನೋಯುವುದಿಲ್ಲ. ಮೂಗು ಮುಗ್ಗರಿಸಿದರೆ ರೀಲು ಹಗುರವಾಯಿತು ಅಂತ ಅರ್ಥ.

ದುಡ್ಡಿನ ಹಂಚಿಕೆ

ಕೈಯಲ್ಲಿ ನಾಲ್ಕು ಸಾವಿರ ಇದೆ ಅಂದುಕೊಳ್ಳಿ. ನಾನಾದರೆ ಎರಡು ಸಾವಿರದಷ್ಟು ರೀಲಿಗೆ, ಸಾವಿರದ ಮುನ್ನೂರು ನಾನೂರು ರಾಡಿಗೆ, ಉಳಿದದ್ದು ದಾರ, ಗಾಳ, ಸೀಸಕ್ಕೆ ಇಡುತ್ತೇನೆ. ಜನ ರಾಡಿಗೂ ರೀಲಿಗೂ ಎಲ್ಲ ಹಾಕಿ, ರೀಲಿನ ಜೊತೆ ಪುಕ್ಕಟೆ ಬಂದ ದಾರವನ್ನೇ ಬಳಸುತ್ತಾರೆ. ಆ ದಾರವನ್ನು ಟೊಮೆಟೊ ಗಿಡ ಕಟ್ಟಲು ಇಟ್ಟುಕೊಳ್ಳಿ.

ಏನೂ ತೋಚದಿದ್ದರೆ: 7 ಅಡಿಯ ಎರಡು ತುಂಡಿನ ಎಂ ರಾಡು, 10–30 ಗ್ರಾಂ, ಮಾಡರೇಟ್ ಅಥವಾ ಮಾಡರೇಟ್ ಫಾಸ್ಟ್, 3000ದ ರೀಲು, 12 ಪೌಂಡ್ ಮಾನೋ. ಇದರಲ್ಲಿ ದಪ್ಪ ಜಿಲೇಬಿ, ರೋಹು, ಮಧ್ಯಮ ಗೆಂಡೆ, ಬಯಲು ನೀರಿನ ಕೊರವ ಎಲ್ಲ ಆಗುತ್ತದೆ. ಹಿಟ್ಟಿನ ಉಂಡೆಯನ್ನು ಮಾತ್ರ ಗೋಲಿಗಿಂತ ಸ್ವಲ್ಪ ದೊಡ್ಡದಾಗಿ ಮಾಡಿ.

ದಾರ ತುಂಬುವುದು, ಡ್ರ್ಯಾಗ್ ಹೊಂದಿಸುವುದು

ಒಳ್ಳೆ ಸೆಟ್ ತಂದು ದಾರ ತಪ್ಪಾಗಿ ಸುತ್ತಿದರೆ ಎಲ್ಲ ವ್ಯರ್ಥ. ದಾರದ ತುದಿಯನ್ನು ರಾಡಿನ ಮೊದಲ ಉಂಗುರದಿಂದ ತೂರಿಸಿ. ರೀಲಿನ ಬೇಲ್ ಎತ್ತಿ, ಆಮೇಲೆ ಸ್ಪೂಲಿಗೆ ಗಂಟು ಹಾಕಿ. ಬೇಲ್ ಎತ್ತುವುದು ಮರೆತರೆ ಗಂಟು ಬಿಚ್ಚಿ ಮತ್ತೆ ಮೊದಲಿಂದ. ದಾರದ ಉಂಡೆಯನ್ನು ನೆಲದ ಮೇಲೆ ಹೆಸರಿನ ಮುಖ ಮೇಲೆ ಮಾಡಿ ಮಲಗಿಸಿ. ಒದ್ದೆ ಬಟ್ಟೆಯಲ್ಲಿ ದಾರವನ್ನು ಎರಡು ಬೆರಳಲ್ಲಿ ಬಿಗಿ ಹಿಡಿದು ಇಪ್ಪತ್ತು ಸುತ್ತು ಸುತ್ತಿ. ನಿಲ್ಲಿಸಿ, ದಾರ ಸಡಿಲ ಬಿಡಿ. ಅದು ಹುರಿಯಾಗಿ ಸುತ್ತಿಕೊಂಡರೆ ಉಂಡೆಯನ್ನು ಮಗುಚಿ ಹಾಕಿ ಮುಂದುವರಿಸಿ. ಸ್ಪೂಲಿನ ಅಂಚಿಗೆ 2 ಮಿ.ಮೀ. ಉಳಿಯುವವರೆಗೆ ತುಂಬಿ. ಕಡಿಮೆ ತುಂಬಿದರೆ ದೂರ ಹೋಗದು, ಅಂಚಿನವರೆಗೆ ತುಂಬಿದರೆ ಒಮ್ಮೆಲೇ ಕಂತೆ ಕಂತೆ ಸುರಿಯುತ್ತದೆ. ಬ್ರೇಡ್ ಆದರೆ ತಳಕ್ಕೆ ಹತ್ತು ಮೀಟರ್ ಮಾನೋ ಸುತ್ತಿ ಅದಕ್ಕೆ ಕಟ್ಟಿ. ಇಲ್ಲದಿದ್ದರೆ ನುಣುಪು ಸ್ಪೂಲಿನ ಮೇಲೆ ಇಡೀ ದಾರ ಜಾರುತ್ತದೆ.

ಡ್ರ್ಯಾಗಿಗೆ ನೀರಿನ ಬಾಟಲಿ ಸಾಕು. ದಾರದ ಬಲದ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಡ್ರ್ಯಾಗ್ ಇರಬೇಕು. 12 ಪೌಂಡ್ ಅಂದರೆ ಸುಮಾರು ಐದೂವರೆ ಕಿಲೋ, ಅದರ ಕಾಲು ಭಾಗ ಒಂದೂವರೆ ಕಿಲೋಗೆ ಹತ್ತಿರ. ಒಂದೂವರೆ ಲೀಟರ್ ನೀರು ತುಂಬಿದ ಬಾಟಲಿಗೆ ದಾರ ಕಟ್ಟಿ, ಮೆಟ್ಟಿಲ ಮೇಲೆ ನಿಂತು, ರಾಡಿನ ತುದಿಯನ್ನು ನೇರ ಕೆಳಕ್ಕೆ ಬಾಟಲಿಯ ಕಡೆ ಹಿಡಿದು ಎತ್ತಿ. ಬಾಟಲಿ ನೆಲ ಬಿಡುವ ಹೊತ್ತಿಗೆ ಡ್ರ್ಯಾಗ್ ನಿಧಾನವಾಗಿ ದಾರ ಬಿಡಲು ಶುರುಮಾಡಬೇಕು. ರಾಡನ್ನು ಆಕಾಶಕ್ಕೆ ಎತ್ತಿ ಬಾಟಲಿ ತೂಗಬೇಡಿ, ತುದಿ ಹೋಗುತ್ತದೆ. ಮೀನು ದಡಕ್ಕೆ ಬಂದಾಗಲೂ ಇದೇ ಮಾತು. ರಾಡು ನೆಟ್ಟಗೆ ನಿಲ್ಲಿಸಿ ಎತ್ತಬೇಡಿ, ಕೈಬಲೆ ಹಿಡಿಯಿರಿ.

ಎಸೆದ ಮೇಲೆ ಬೇಲನ್ನು ಹಿಡಿ ತಿರುಗಿಸಿ ಮುಚ್ಚುವುದು ಎಲ್ಲರ ಅಭ್ಯಾಸ. ಕೈಯಿಂದಲೇ ಮುಚ್ಚಿ, ದಾರ ಒಮ್ಮೆ ಮೆಲ್ಲಗೆ ಎಳೆದು ಬಿಗಿ ಮಾಡಿ, ಆಮೇಲೆ ಸುತ್ತಿ. ಗೋಜಲಿನಲ್ಲಿ ಮುಕ್ಕಾಲು ಪಾಲು ಇದರಿಂದಲೇ ತಪ್ಪುತ್ತದೆ. ಮೀನು ದಾರ ಎಳೆದುಕೊಂಡು ಓಡುವಾಗ ಹಿಡಿ ತಿರುಗಿಸಬೇಡಿ. ಡ್ರ್ಯಾಗ್ ಜಾರುತ್ತಿದ್ದರೆ ದಾರ ಒಳಗೆ ಬರುವುದಿಲ್ಲ, ತಿರುಚುತ್ತದೆ ಅಷ್ಟೇ. ಅದು ನಿಂತಾಗ ರಾಡು ಹಿಂದಕ್ಕೆ ತನ್ನಿ, ಮುಂದಕ್ಕೆ ಬಗ್ಗಿಸುತ್ತಾ ಸುತ್ತಿ.

ಇನ್ನೆರಡು ಮಾತು

ಕಾರ್ಬನ್ ರಾಡಿನಲ್ಲಿ ಕರೆಂಟ್ ಹರಿಯುತ್ತದೆ. ನಮ್ಮ ಚಾನಲ್, ಕೆರೆ ಏರಿ, ತೋಟದ ಪಕ್ಕ ಪಂಪ್‌ಸೆಟ್ ತಂತಿಗಳು ಜೋತುಬಿದ್ದಿರುತ್ತವೆ. ರಾಡು ಜೋಡಿಸುವ ಮುಂಚೆ ತಲೆ ಎತ್ತಿ ನೋಡಿ, ತಂತಿಯ ಕೆಳಗೆ ಜೋಡಿಸಿದ ರಾಡು ಹೊತ್ತು ನಡೆಯಬೇಡಿ. ಮೇ ತಿಂಗಳ ಮಧ್ಯಾಹ್ನ ಗುಡುಗು ಕೇಳಿದರೆ ರಾಡು ನೆಲಕ್ಕಿಟ್ಟು ದೂರ ಹೋಗಿ.

ಮನೆಗೆ ಬಂದ ಮೇಲೆ ರೀಲನ್ನು ನೀರಿನಲ್ಲಿ ಮುಳುಗಿಸಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಿ, ಡ್ರ್ಯಾಗ್ ತಿರುಪು ಸಡಿಲ ಬಿಟ್ಟು ಇಡಿ, ಬಿಗಿಯಾಗೇ ಇಟ್ಟರೆ ಒಳಗಿನ ಬಿಲ್ಲೆಗಳು ಒತ್ತಿ ಕೂರುತ್ತವೆ. ಉರುಳೆಗೆ ಆಗೀಗ ಒಂದು ಹನಿ ಹೊಲಿಗೆ ಮಷೀನ್ ಎಣ್ಣೆ. ರಾಡಿನ ಎರಡು ತುಂಡು ಸಡಿಲವಾದರೆ ಜೋಡಣೆಗೆ ಮೇಣದಬತ್ತಿ ಸವರಿ.

ಕೊರವ ಹಿಡಿಯಲು ಹೊರಟವರು ಒಂದು ದೃಶ್ಯ ಗುರುತಿಟ್ಟುಕೊಳ್ಳಿ. ದಂಡೆಯ ಹತ್ತಿರ ನೀರಿನ ಮೇಲೆ ಕೆಂಪು ಬಣ್ಣದ ಸಣ್ಣ ಮರಿಗಳ ಗುಂಪು ಒಂದೇ ಉಂಡೆಯಾಗಿ ಕುದಿಯುವಂತೆ ಅಲುಗಾಡುತ್ತಿದ್ದರೆ ಕೆಳಗೆ ತಾಯಿ ತಂದೆ ಕಾವಲಿವೆ. ಆಗ ಕಪ್ಪೆ ಎಸೆದರೆ ಕಚ್ಚುವುದು ಗ್ಯಾರಂಟಿ, ಹಸಿವಿಗಲ್ಲ, ಮರಿ ಕಾಯಲು. ಅದನ್ನು ಹಿಡಿದರೆ ಇಡೀ ಗುಂಪು ಒಂದೆರಡು ದಿನದಲ್ಲಿ ಬೇರೆ ಮೀನಿನ ಪಾಲು. ಅಲ್ಲಿ ಎಸೆಯಬೇಡಿ, ಐವತ್ತು ಹೆಜ್ಜೆ ಮುಂದೆ ಹೋಗಿ ಇನ್ನೊಂದು ಜೊಂಡಿನ ಮಗ್ಗುಲು ನೋಡಿ.